ಆರನೇ ವರ್ಷದ ದವಡೆ ಹಲ್ಲು ಹಾಲುಹಲ್ಲಲ್ಲ

ಮಾನ್ಯರೇ,

ಮಗುವಿಗೆ 6 ವರ್ಷ ತುಂಬುವ ಹೊತ್ತಿಗೆ ಕೊನೆಯ ಹಾಲುಹಲ್ಲಿನ ಹಿಂದೆ, ಮೇಲೆ ಎರಡು ಕೆಳಗೆ ಎರಡು, ದೊಡ್ಡ ದವಡೆ ಹಲ್ಲುಗಳು ಮೂಡುತ್ತವೆ. ಇವು ಶಾಶ್ವತ ಹಲ್ಲುಗಳು. ಯಾವ ಹಲ್ಲೂ ಬೀಳದೆ ಬರುವುದರಿಂದ ಅನೇಕ ಪೋಷಕರು ಇವನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ‘ಹುಳುಕಾದರೇನು, ಬಿದ್ದು ಹೊಸದು ಬರುತ್ತಲ್ಲ’ ಎನ್ನುತ್ತಾರೆ. ಬರುವುದಿಲ್ಲ.

ಈ ಹಲ್ಲಿನ ಮೇಲೆ ಬ್ರಷ್ಷಿನ ಎಳೆಯೂ ಇಳಿಯದಷ್ಟು ಕಿರಿದಾದ ಗೀರುಗಳಿರುತ್ತವೆ. ಪೂರ್ತಿ ಮೇಲೇಳಲು ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ, ಹಿಂದೆ ಮುಂದೆ ಆಡಿಸುವ ಬ್ರಷ್ ಅದನ್ನು ಮುಟ್ಟದೆ ದಾಟಿಹೋಗುತ್ತದೆ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಇಟ್ಟು ಆ ಒಂದು ಹಲ್ಲನ್ನೇ ಬೇರೆಯಾಗಿ ಉಜ್ಜಬೇಕು. 7-8 ವರ್ಷದವರೆಗೆ ರಾತ್ರಿ ಈ ಕೆಲಸ ದೊಡ್ಡವರದೇ. ಹುಳುಕು ತಡೆಯುವ ಫ್ಲೋರೈಡ್ ಇರುವ ಪೇಸ್ಟ್ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಉಗುಳಿಸಿ, ಆದರೆ ನೀರು ಮುಕ್ಕಳಿಸಬೇಡಿ. ಫ್ಲೋರೈಡ್ ಎಲ್ಲ ತೊಳೆದುಹೋಗುತ್ತದೆ.

ಗೀರುಗಳನ್ನು ಮುಚ್ಚುವ ಸೀಲೆಂಟ್ ಲೇಪನಕ್ಕೆ ಸಾಮಾನ್ಯವಾಗಿ ಕೊರೆಯುವುದೂ ಇಲ್ಲ, ಸೂಜಿಯೂ ಇಲ್ಲ. ಎಂಜಲು ತಾಗಿದರೆ ಅದು ಹಿಡಿಯದೆ ಕಿತ್ತುಬರುತ್ತದೆ. ಹಾಗಾಗಿ ಹಲ್ಲು ವಸಡಿನಿಂದ ಪೂರ್ತಿ ಹೊರಬಂದ ಕೂಡಲೇ ಹಾಕಿಸಿ, 6 ತಿಂಗಳಿಗೊಮ್ಮೆ ತೋರಿಸಿ. ಖಾಸಗಿ ಕ್ಲಿನಿಕ್ಕಿನ ಖರ್ಚಿಗೆ ಹೆದರುವವರಿಗೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿನಲ್ಲಿ ಮಕ್ಕಳ ವಿಭಾಗವಿದೆ.

ಬೆಂಗಳೂರಿನ ಶಾಲೆಗಳು ಒಂದನೇ ತರಗತಿಯ ಪೋಷಕರ ಸಭೆಯಲ್ಲಿ ಐದು ನಿಮಿಷ ಇದಕ್ಕೆ ಕೊಡಲಿ ಎಂಬುದು ನಮ್ಮ ಕಳಕಳಿಯ ಮನವಿ.

— ಮಕ್ಕಳ ದಂತವೈದ್ಯರ ಬಳಗ, ಬಸವನಗುಡಿ, ಬೆಂಗಳೂರು