ಲಾರಿ ಬಾಡಿ ಕಟ್ಟೂಕೆ ಇನ್ಮೇಲೆ 25 ದಿನ: ನಮ್ಮ ಲಾರಿ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ,

ಮುಂದಿನ ತಿಂಗಳ 1ನೇ ತಾರೀಕಿಂದ ಹತ್ತು ಚಕ್ರದ ಗಾಡಿಗೆ ಬಾಡಿ ಕಟ್ಟೂಕೆ 18 ದಿನದ ಬದ್ಲು 25 ದಿನ ಬೇಕು, ಕೂಲಿನೂ 22 ಸಾವಿರ ಜಾಸ್ತಿ ಆಗ್ತದೆ. ಬೇಜಾರಾಗ್ತದೆ ಅಂತ ಗೊತ್ತುಂಟು, ಕ್ಷಮಿಸಿ. ಅಂಕೋಲೆಲಿ ನಮ್ಮ ಶೆಡ್ಡು ನಿಮಗೆ ಹೊಸದಲ್ಲ, ಅದ್ನೆಲ್ಲ ಮತ್ತೆ ಹೇಳಲ್ಲ.

ಆದ್ರೆ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. ಬಂದವ್ರೆಲ್ಲ ಮೊಬೈಲ್‌ನಲ್ಲಿ ಫ್ಯಾಕ್ಟರಿ ವಿಡಿಯೋ ತೋರಿಸಿ, "ನೋಡು ಮಾರಾಯ, ಅಲ್ಲಿ ಆರು ನಿಮಿಷಕ್ಕೊಂದು ಲಾರಿ ಹೊರಗೆ ಬರ್ತದೆ, ನಿಂಗೆ ಒಂದು ಡಬ್ಬ ಕಟ್ಟೂಕೆ ತಿಂಗಳು ಬೇಕಾ" ಅಂತಾರೆ.

ಆರು ನಿಮಿಷಕ್ಕೊಂದು ಗೇಟ್ ದಾಟ್ತದೆ ಅಂದ್ರೆ ಆರು ನಿಮಿಷದಲ್ಲಿ ತಯಾರಾಯ್ತು ಅಂತ ಅಲ್ಲ. ಲೈನಲ್ಲಿ 60 ಕಡೆ ಆರಾರು ನಿಮಿಷ ನಿಂತು ಬಂದ್ರೂ ಒಂದು ಗಾಡಿಗೆ ಆರು ತಾಸಾಯ್ತು, ಅದೂ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಬೇರೆ ಲೈನಲ್ಲೋ ಬೇರೆ ಕಂಪನಿಲೋ ರೆಡಿಯಾಗಿ ಬಂದ್ಮೇಲೆ. ಕ್ಯಾಬಿನ್ ವೆಲ್ಡಿಂಗ್ ರೋಬೋಟ್ ಮಾಡ್ತದೆ. ಒಬ್ಬ ಕೆಲಸಗಾರನಿಗೆ ಇಷ್ಟು ಗಾಡಿ ಅಂತ ಫ್ಯಾಕ್ಟರಿಯವ್ರು ಲೆಕ್ಕ ಹೇಳುವಾಗ ಹೊರಗಿನವ್ರ ದುಡಿಮೆ ಅದ್ರಲ್ಲಿ ಸೇರೂದೇ ಇಲ್ಲ. ನಮ್ದೂ ಸೇರಲ್ಲ, ಯಾಕಂದ್ರೆ ನೀವು ತರೋದು ಬರೀ ಕ್ಯಾಬಿನ್ನು, ಚಾಸಿ (ಅಂದ್ರೆ ಚಕ್ರದ ಮೇಲಿನ ಕಬ್ಬಿಣದ ಚೌಕಟ್ಟು), ಮಾಲು ಹೇರೂಕೆ ಬಾಡಿ ನಾವೇ ಕಟ್ಬೇಕು.

ಮತ್ತೆ ಅವ್ರ ಕೆಲ್ಸ ಸಲೀಸಾದಂಗೆ ನಮ್ದು ಕಷ್ಟ ಆಯ್ತು ನೋಡಿ. 2020ರ ಏಪ್ರಿಲ್‌ನಿಂದ ಹೊಗೆ ಕಮ್ಮಿ ಮಾಡೂಕೆ ಬಿಎಸ್6 ನಿಯಮ ಬಂತಲ್ಲ, ಚಾಸಿ ಪಕ್ಕದಲ್ಲಿ ಹೊಗೆ ಶುದ್ಧ ಮಾಡೋ ಯೂರಿಯಾ ನೀರಿನ ಟ್ಯಾಂಕು, ಸೆನ್ಸರ್ರು, ವೈರು ತುಂಬಿಹೋಗಿದೆ. ಮೊದ್ಲು ಟೂಲ್‌ಬಾಕ್ಸ್ ಎಲ್ಲಿ ಬೇಕಲ್ಲಿ ಕೂರಿಸ್ತಿದ್ವಿ. ಈಗ ಸಣ್ಣ ಬ್ರಾಕೆಟ್ ವೆಲ್ಡ್ ಮಾಡೂಕೂ ಮೊದ್ಲು ಬ್ಯಾಟರಿ ಟರ್ಮಿನಲ್ ಬಿಚ್ಚಿ, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಕನೆಕ್ಟರ್ ಕಳಚಿ, ವೈರಿಂಗ್ ಮೇಲೆ ಒದ್ದೆ ಗೋಣಿ ಹಾಸ್ಬೇಕು. ಚಾಸಿ ಫ್ಲಾಂಜಿಗೆ (ಉದ್ದ ತೊಲೆಯ ಮೇಲಿನ, ಕೆಳಗಿನ ಮಡಿಕೆಗೆ) ತೂತು ಹೊಡಿಯಂಗಿಲ್ಲ, ಹೊಡೆದ್ರೆ ವಾರಂಟಿ ಹೋಯ್ತು. ಹಾಗಾಗಿ ಬಾಡಿ ಹೊರೋ ಪ್ರತಿ ಅಡ್ಡಪಟ್ಟಿಗೂ (ಕ್ರಾಸ್ ಬೇರರ್) ಯು ಬೋಲ್ಟು, ಪ್ಯಾಕಿಂಗು, ಅಳತೆ. 2018ರಲ್ಲಿ ಹತ್ತು ಚಕ್ರದ ಗಾಡಿಗೆ ಮಾಲು ಸೇರಿ ಒಟ್ಟು ತೂಕದ ಮಿತಿ 25 ಟನ್ನಿಂದ 28.5 ಆದ್ಮೇಲೆ ಬಾಡಿನೂ ಗಟ್ಟಿ ಬೇಕಲ್ಲ, ತುಂಬಿದ ಗಾಡಿ ಅರಬೈಲ್ ಘಟ್ಟ ಇಳಿಯುವಾಗ ಏನಾರು ಸಡಿಲ ಆದ್ರೆ ಬೈಗುಳ ಯಾರಿಗೆ ಬರ್ತದೆ ಹೇಳಿ.

ಕೆಲವ್ರು ಕೇಳ್ತಾರೆ, 2025ರ ಸೆಪ್ಟೆಂಬರ್‌ನಲ್ಲಿ ಲಾರಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳೀತಲ್ಲ, ನೀನ್ಯಾಕೆ ಇಳ್ಸಲ್ಲ ಅಂತ. ನಿಮ್ಮ ಚಾಸಿ ಮೇಲೆ ನಾವು ಮಾಡೋ ಕೆಲ್ಸಕ್ಕೆ ಮೊದ್ಲೇ 18 ಇತ್ತು, ನಮಗೇನೂ ಇಳಿದಿಲ್ಲ. ತಗಡು, ಚಾನೆಲ್ಲು, ಮತ್ತಿ ಹಲಗೆ ಯಾವ್ದೂ ಅಗ್ಗ ಆಗ್ಲಿಲ್ಲ.

ತಪ್ಪು ನಮ್ದೂ ಇದೆ. ಹೋದ ಜೂನ್‌ನಲ್ಲಿ ಒಬ್ರ ಅರ್ಜೆಂಟಿಗೆ ಬಗ್ಗಿ ಪ್ರೈಮರ್ ಸರಿ ಒಣಗೋಕ್ ಮುಂಚೆ ಪೇಂಟ್ ಹೊಡ್ದೆವು, ಎರಡೇ ವಾರಕ್ಕೆ ಡಾಲಾ (ಬಾಡಿಯ ಬಾಗಿಲು ಹಲಗೆ) ಮೇಲೆ ಹಪ್ಪಳದಂಗೆ ಗುಳ್ಳೆ ಎದ್ತು. ಪೂರ್ತಿ ಉಜ್ಜಿ ಬಿಟ್ಟಿ ಹೊಡ್ಕೊಟ್ಟೆವು, ಅದು ಬೇರೆ ಮಾತು. ಆವತ್ತಿಂದ ನಾನೇ ಬೆರಳಿಟ್ಟು ನೋಡಿ ಹೂಂ ಅನ್ನದೆ ಎರಡನೇ ಕೋಟ್ ಹೊಡಿಯಲ್ಲ. ಮಳೆಗಾಲದಲ್ಲಿ 25ರ ಮೇಲೆ ಇನ್ನೆರಡು ದಿನ ಆದ್ರೂ ಆದೀತು.

ಈಗಾಗಲೇ ಅಡ್ವಾನ್ಸ್ ಕೊಟ್ಟವ್ರಿಗೆ ಹಳೇ ರೇಟೇ, ಹೆದರ್ಬೇಡಿ. ಹೊಸ ಗಾಡಿ ಬಿಡೂಕೆ ಬರುವಾಗ ಕಂಪನಿಯ ಚಾಸಿ ಡ್ರಾಯಿಂಗ್ ಮರೀದೆ ತನ್ನಿ, ಅರ್ಧ ದಿನ ಉಳೀತದೆ.

ಇಂತಿ,
ನಿಮ್ಮ ಶೆಡ್ಡಿನವ್ನು