ಹಿಡ್ಕೊಂಡ್ರ ಸಾಕು, ಜಗ್ಗಬ್ಯಾಡ

ಸಂಪಾದಕರೇ,

ನಾನು ಕಲಬುರಗಿಯಲ್ಲಿ 22 ವರ್ಷದಿಂದ ಬಡಗಿ ಕೆಲಸ ಮಾಡುತ್ತಿದ್ದೇನೆ. ನನ್ನ ಹತ್ತೂ ಬೆರಳು ಇನ್ನೂ ಕೈಯಲ್ಲಿವೆ. ನನ್ನ ಜೊತೆ ಕೆಲಸ ಕಲಿತ ಎಲ್ಲರೂ ಹೀಗೆ ಹೇಳುವಂತಿಲ್ಲ, ಅದಕ್ಕೇ ಈ ಪತ್ರ.

ಕಳೆದ ಬೇಸಿಗೆಯಲ್ಲಿ ಆಳಂದ ರಸ್ತೆ ಕಡೆ ಒಂದು ಹೊಸ ಮನೆಗೆ ವಾರ್ಡ್‌ರೋಬ್ ಮಾಡುತ್ತಿದ್ದೆವು. 8×4 ಅಡಿಯ 19 ಎಂಎಂ ಪ್ಲೈ, ಒಂದೊಂದು ಶೀಟು 30 ಕಿಲೋಗಿಂತ ಜಾಸ್ತಿ ತೂಗುತ್ತದೆ. ನಮ್ಮ ಟೇಬಲ್ ಸಾ ಅಂದರೆ ನಿಮಗೆ ಗೊತ್ತೇ ಇದೆ, ಪ್ಲೈ ಹಲಗೆಯ ಕೆಳಗೆ ಮರ ಕೊಯ್ಯುವ ಕೈ ಮಷೀನನ್ನು ತಲೆಕೆಳಗು ಮಾಡಿ, ಬ್ಲೇಡು ಮೇಲೆ ಬರುವ ಹಾಗೆ ಸ್ಕ್ರೂ ಹೊಡೆದದ್ದು. ಬ್ಲೇಡಿನ ಮೇಲೆ ಮುಚ್ಚುವ ಗಾರ್ಡ್ ಇಲ್ಲ. ಬ್ಲೇಡಿನ ಹಿಂದೆ ಕೊಯ್ದ ಸಂದು ಮುಚ್ಚದ ಹಾಗೆ ನಿಲ್ಲುವ ತೆಳು ತಗಡೂ ಇಲ್ಲ. ನಾನು ಈ ಕಡೆಯಿಂದ ತಳ್ಳುತ್ತಿದ್ದೆ, ಆ ಕಡೆ ನಿಂತ ಹುಡುಗ ಶೀಟು ಭಾರ ಆಯ್ತೇನೋ ಅಂದುಕೊಂಡು ತನ್ನ ಕಡೆಗೆ ಜಗ್ಗಿದ, ಶೀಟು ಒಂದಿಷ್ಟು ಸೊಟ್ಟ ಆಗಿ, ನೇರ ಹೋಗಲಿ ಅಂತ ಪಕ್ಕಕ್ಕೆ ಇಟ್ಟ ಗೈಡ್ ಪಟ್ಟಿಗೂ ಬ್ಲೇಡಿಗೂ ನಡುವೆ ಸಿಕ್ಕಿಕೊಂಡಿತು. ಮುಂದಿನದು ನನಗೆ ಕಾಣಲೇ ಇಲ್ಲ. ಶೀಟಿನ ಮೂಲೆ ಬಂದು ಪಕ್ಕೆಲುಬಿನ ಕೆಳಗೆ ಹೊಡೆದಿತ್ತು. ಹದಿನೈದು ದಿನ ಅಲ್ಲಿ ನೇರಳೆ ಹಣ್ಣಿನ ಬಣ್ಣ. "ಕಾಕಾ, ನಿಮಗ ಆಸರ ಆಗ್ಲಿ ಅಂತ ಜಗ್ಗಿದೆ" ಅಂದ ಹುಡುಗ. ಅವನ ತಪ್ಪಲ್ಲ, ಹೇಳಿಕೊಡದೇ ನಿಲ್ಲಿಸಿದ್ದು ನನ್ನ ತಪ್ಪು.

ಬ್ಲೇಡಿನ ಮುಂದಿನ ಹಲ್ಲು ಹಲಗೆಯನ್ನು ಕೆಳಗೆ ಒತ್ತುತ್ತದೆ, ಹಿಂದಿನ ಹಲ್ಲು ಮೇಲಕ್ಕೆ ಏಳುತ್ತದೆ. ಹಲಗೆ ಓರೆಯಾಗಿ ಆ ಹಿಂದಿನ ಹಲ್ಲಿಗೆ ತಾಗಿದರೆ ಎತ್ತಿ ನಿಮ್ಮ ಮೇಲೇ ಎಸೆಯುತ್ತದೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ 140 ಕಿಲೋಮೀಟರ್ ದಾಟುತ್ತದೆ. ಅಷ್ಟರಲ್ಲಿ ಕೈ ಹಿಂದೆ ತಗೊಳ್ತೀನಿ ಅನ್ನೋದು ಸುಮ್ನೆ ಮಾತು.

ಈಗ ನಾನು ಪೂರ್ತಿ ಶೀಟನ್ನು ಟೇಬಲ್ ಮೇಲೆ ಹತ್ತಿಸುವುದೇ ಇಲ್ಲ. ನೆಲದ ಮೇಲೆ ದಪ್ಪ ಥರ್ಮಾಕೋಲ್ ಹಾಸಿ, ಅದರ ಮೇಲೆ ಶೀಟು ಮಲಗಿಸಿ, ನೇರ ಪಟ್ಟಿಯೊಂದನ್ನು ಕ್ಲ್ಯಾಂಪ್ ಮಾಡಿ, ಕೈ ಮಷೀನಿನಿಂದ ಅರ್ಧ ಇಂಚು ಜಾಸ್ತಿ ಬಿಟ್ಟು ಕೊಯ್ಯುತ್ತೇನೆ. ಬ್ಲೇಡು ಪ್ಲೈಯಿಂದ ಕಾಲಿಂಚು ಮಾತ್ರ ಹೊರಗೆ ಬರಬೇಕು, ಇಲ್ಲದಿದ್ದರೆ ಕೆಳಗಿನ ಶಹಾಬಾದ್ ಫರಸಿಗೆ ತಾಗಿ ಹಲ್ಲೇ ಹೋಗುತ್ತವೆ. ಸಣ್ಣ ತುಂಡುಗಳನ್ನು ಆಮೇಲೆ ಟೇಬಲ್ ಮೇಲೆ ಸರಿ ಅಳತೆಗೆ ತರುತ್ತೇನೆ. ದೊಡ್ಡದನ್ನು ಟೇಬಲ್ ಮೇಲೇ ಕೊಯ್ಯಬೇಕಾದರೆ ಹಿಂದೆ ಅಷ್ಟೇ ಎತ್ತರದ ಸ್ಟ್ಯಾಂಡ್ ಇಡಿ, ಹಿಂದೆ ನಿಂತವನಿಗೆ "ಹಿಡ್ಕೊಂಡ್ರ ಸಾಕು, ಜಗ್ಗಬ್ಯಾಡ" ಅಂತ ಮೊದಲೇ ಹೇಳಿ, ನೀವು ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಕೊನೆಯ ಗೇಣು ಬಂದಾಗ ಕೈ ಬೇಡ, ತಳ್ಳುವ ಕೋಲು ಹಿಡಿಯಿರಿ. ಕೈಗವಸು ಹಾಕಬೇಡಿ, ಬ್ಲೇಡಿಗೆ ದಾರ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಮಣಿಕಟ್ಟಿನ ದಾರಕ್ಕೂ ಇದೇ ಮಾತು.

ಕರೆಂಟಿನ ವಿಷಯ ಯಾರೂ ಹೇಳಿಕೊಡುವುದಿಲ್ಲ. ಕರೆಂಟು ಹೋಯಿತು, ಮಷೀನು ನಿಂತಿತು, ಸ್ವಿಚ್ ಆನ್ ಆಗೇ ಇದೆ. ಹುಡುಗ ಬ್ಲೇಡಿನ ಸುತ್ತ ಇರುವ ಹೊಟ್ಟು ಬೆರಳಿಂದ ತೆಗೆಯುತ್ತಿದ್ದಾನೆ. ಅಷ್ಟರಲ್ಲಿ ಕರೆಂಟು ಬರುತ್ತದೆ. ಕರೆಂಟು ಹೋದ ಕೂಡಲೇ ಪ್ಲಗ್ ಕೀಳಿ.

ಮನೆ ಮಾಲೀಕರಿಗೂ ಒಂದು ಮಾತು. "ಸಂಜೆ ಒಳಗ ಮುಗಿಸ್ರಿ, ಇನ್ನೊಬ್ಬನ ಕೂಲಿ ಯಾಕ ಬೇಕು?" ಅನ್ನುತ್ತೀರಿ. ಆ ಇನ್ನೊಬ್ಬ ಬೇಕಾಗಿರುವುದು ಶೀಟಿನ ಇನ್ನೊಂದು ತುದಿಗೆ ಕಣ್ರೀ, ಟೀ ತರೋದಕ್ಕಲ್ಲ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಬಡಗಿಗಳೂ ನೋಂದಣಿ ಮಾಡಿಸಬಹುದು, ವಯಸ್ಸು 18ರಿಂದ 60 ಇರಬೇಕು, ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಕಾರ್ಡ್ ಕೊಡುವ ದಿನವೇ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಅರ್ಧ ದಿನ ಒಂದು ಮಷೀನು ಇಟ್ಟು, ಒಂದು ಶೀಟು ಕೊಯ್ದು ತೋರಿಸಿದರೆ ಸಾಕು. ತೋರಿಸೋಕೆ ಯಾರೂ ಸಿಗದಿದ್ದರೆ ನಾನೇ ಬರುತ್ತೇನೆ, ಆ ಹುಡುಗನನ್ನೂ ಕರೆದುಕೊಂಡು.

– ಒಬ್ಬ ಬಡಗಿ, ಕಲಬುರಗಿ