ಬಗಲುಚೀಲದ ಬಗ್ಗೆ ಖಜಾಂಚಿಗೊಂದು ಪತ್ರ

ಪ್ರಿಯ ಖಜಾಂಚಿ,

"ಜನವರಿಯಲ್ಲಿ ಬಾದಾಮಿ, ಪಟ್ಟದಕಲ್ಲು, ಹಂಪಿ ಅಂತ ನಾಲ್ಕು ದಿನ ಹೊರಟಿದೀವಿ, ಹೆಗಲಿಗೆ ಹಾಕೋ ಸಣ್ಣ ಬ್ಯಾಗ್ ಒಂದು ಹೇಳು" ಅಂತ ನೀನು ಕಳಿಸಿದ್ದು ಒಂದು ಸಾಲು, ಜೊತೆಗೆ ಆರು ಫೋಟೊ. ಉತ್ತರ ನಿನಗೊಬ್ಬನಿಗೇ ಕಳಿಸಿದರೆ ಒಂದು ಹೆಬ್ಬೆರಳು ಎತ್ತಿ ಸುಮ್ಮನಾಗ್ತೀಯ. ಎಲ್ಲರೆದುರು ಬರೆದರೆ ಮಾನಕ್ಕಂಜಿಯಾದರೂ ಪೂರ್ತಿ ಓದ್ತೀಯ. ಅದಕ್ಕೇ ಇಲ್ಲಿ. ಉಳಿದವರೂ ಓದಬಹುದು. ಅರಸೀಕೆರೆ ಕೊಡೆಯ ವಿಷಯ ಮಾತ್ರ ಯಾರೂ ಕೇಳಬೇಡಿ.

ಮೊದಲು ಆ ಫೋಟೊಗಳು. ಮೊದಲ ಎರಡು ಲ್ಯಾಪ್‌ಟಾಪ್ ಚೀಲಗಳು, ಬಿಟ್ಟುಬಿಡು. ಮೂರನೆಯದು ಚಂದ ಇದೆ, ಆದರೆ ಬಾಯಿಗೆ ಜಿಪ್ಪೇ ಇಲ್ಲ, ಮುಚ್ಚಳಕ್ಕೆ ಒಂದು ಅಯಸ್ಕಾಂತದ ಗುಂಡಿ. ಬಾದಾಮಿಯ ಮಂಗಗಳಿಗೆ ಅದು ಬಿಚ್ಚಿಟ್ಟ ಬುತ್ತಿ. ನಾಲ್ಕನೆಯದು ರೆಕ್ಸಿನ್. ಒಂದೆರಡು ಬೇಸಿಗೆಗೆ ಮೂಲೆಗಳು ಹಪ್ಪಳದ ಹಾಗೆ ಏಳುತ್ತವೆ. ಉಳಿದದ್ದು ಐದು ಮತ್ತು ಆರು.

ಅಳತೆಯ ವಿಷಯದಲ್ಲಿ ಎಲ್ಲರೂ ಎಡವೋದು ಅಗಲ ನೋಡಿ ದಪ್ಪ ಮರೆಯೋದರಲ್ಲಿ. ಒಂದು ದಿನದ ಓಡಾಟಕ್ಕೆ ಐದು ಲೀಟರಿನ ಆಸುಪಾಸು ಸಾಕು. ಎತ್ತರ, ಅಗಲ, ದಪ್ಪ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸು. ಎತ್ತರ 27, ಅಗಲ 20, ದಪ್ಪ 10 ಇದ್ದರೆ 5.4 ಲೀಟರ್. ಆದರೆ ಮೂಲೆ ದುಂಡಗಿದ್ದರೆ ಲೆಕ್ಕಕ್ಕಿಂತ ಕಡಿಮೆಯೇ ಹಿಡಿಯುತ್ತೆ. ಚೀಟಿಯಲ್ಲಿ ಬರೆದ ಲೀಟರ್ ನಂಬದಿದ್ದರೆ ಒಳಗೊಂದು ಪ್ಲಾಸ್ಟಿಕ್ ಕವರ್ ಇಟ್ಟು ಮಂಡಕ್ಕಿ ಸುರಿದು ನೋಡು. ಮಂಡಕ್ಕಿಯನ್ನು ಅಂಗಡಿಯಲ್ಲಿ ಅಳೆದೇ ಕೊಡ್ತಾರೆ, ಸುಳ್ಳು ಹೇಳೋದಿಲ್ಲ, ಆಮೇಲೆ ಒಗ್ಗರಣೆಗೂ ಆಗುತ್ತೆ.

ಚೀಲ ಉದ್ದಕ್ಕೆ ನಿಲ್ಲುವಂಥದ್ದಾಗಲಿ, ಅಡ್ಡಕ್ಕೆ ಮಲಗುವಂಥದ್ದು ಬೇಡ. ಕಾರಣ ನೀರಿನ ಬಾಟಲಿ. 750 ಮಿಲಿ ಹಿಡಿಯುವ ಸ್ಟೀಲ್ ಬಾಟಲಿ ಸುಮಾರು 25 ಸೆಂಟಿಮೀಟರ್ ಎತ್ತರ, 7 ಸೆಂಟಿಮೀಟರ್ ದಪ್ಪ. ಮೂರು ಮಡಿಕೆಯ ಕೊಡೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. 20 ಸೆಂಟಿಮೀಟರ್ ಎತ್ತರದ ಅಡ್ಡ ಚೀಲದಲ್ಲಿ ಬಾಟಲಿಯನ್ನು ಮಲಗಿಸಲೇಬೇಕು. ಮಲಗಿದ ಬಾಟಲಿ ಮುಚ್ಚಳದ ವಾಷರ್ ಸವೆದ ದಿನ ಸೋರುತ್ತೆ, ಸೋರಿದ್ದು ನೇರ ಪವರ್ ಬ್ಯಾಂಕಿನ ಮೇಲೆ. ದಪ್ಪ 8ಕ್ಕಿಂತ ಕಡಿಮೆ ಇದ್ದರೆ ಬಾಟಲಿ ಇಟ್ಟ ಕೂಡಲೇ ಚೀಲಕ್ಕೆ ಹೊಟ್ಟೆ ಬಂದು, ಜಿಪ್ಪು ಕಮಾನಿನ ಹಾಗೆ ಬಾಗಿ, ಹಲ್ಲುಗಳು ಅಲ್ಲೇ ಬಿಟ್ಟುಕೊಳ್ಳುತ್ತವೆ. ಹೊರಗಿನ ಎಲಾಸ್ಟಿಕ್ ಜೇಬಿನಲ್ಲಿ ಬಾಟಲಿ ಇಡುವ ಚೀಲಗಳೂ ಇವೆ. ಎಲಾಸ್ಟಿಕ್ ಸಡಿಲವಾದ ಮೇಲೆ ಬಸ್ಸಿನ ಸೀಟಿನಡಿ ನಿನ್ನ ಬಾಟಲಿಯ ಪ್ರವಾಸ ಬೇರೆ, ನಿನ್ನ ಪ್ರವಾಸ ಬೇರೆ.

ತೂಕ ಹಾಕೋಣ. ತುಂಬಿದ ಬಾಟಲಿ ಒಂದು ಕಿಲೊ ಚಿಲ್ಲರೆ, ಕೊಡೆ 300 ಗ್ರಾಂ, ಪವರ್ ಬ್ಯಾಂಕ್ 250, ಟವೆಲು, ಕನ್ನಡಕದ ಡಬ್ಬಿ, ಒಂದು ಜೊತೆ ಕಾಲುಚೀಲ ಸೇರಿ 300, ಖಾಲಿ ಚೀಲವೇ 400. ಎಲ್ಲ ಕೂಡಿ 2.3 ಕಿಲೊ. ಒಂದೇ ಹೆಗಲಿಗೆ ಎರಡೂವರೆ ಕಿಲೊ ದಾಟಿದರೆ ಮಧ್ಯಾಹ್ನದ ಹೊತ್ತಿಗೆ ಕತ್ತು ಮಾತಾಡೋಕೆ ಶುರು ಮಾಡುತ್ತೆ. ಆದ್ದರಿಂದ ಖಾಲಿ ಚೀಲ ಅರ್ಧ ಕಿಲೊಗಿಂತ ಭಾರ ಇದ್ದರೆ ಕೈಗೇ ತಗೋಬೇಡ. ಕಾಲುಚೀಲ ಯಾಕೆ ಅಂತ ನಗಬೇಡ. ವಿರೂಪಾಕ್ಷನ ಅಂಗಳದಲ್ಲಿ ಚಪ್ಪಲಿ ಬಿಟ್ಟು ಮಧ್ಯಾಹ್ನದ ಕಲ್ಲಿನ ಮೇಲೆ ಕಾಲಿಟ್ಟಾಗ ಉತ್ತರ ಸಿಗುತ್ತೆ.

ಪಟ್ಟಿಗೆ ಬರ್ತೀನಿ. ಚೀಲದ ಜೀವ ಇರೋದು ಇಲ್ಲೇ. ಅಗಲ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್ ಇರಲಿ. ಒಂದು ಇಂಚಿನದು ಹೆಗಲನ್ನು ಕೊಯ್ಯುತ್ತೆ. ಕಾರಿನ ಸೀಟ್ ಬೆಲ್ಟಿನ ಹಾಗೆ ನುಣುಪಾದ ನೈಲಾನ್ ಪಟ್ಟಿ ಕೈಗೆ ಹಿತ, ಆದರೆ ಅಂಗಿಯ ಮೇಲೆ ಜಾರುತ್ತೆ, ನೆನೆದರೆ ಸ್ವಲ್ಪ ಹಿಗ್ಗುತ್ತೆ. ಪಾಲಿಯೆಸ್ಟರ್ ಅಷ್ಟು ಹಿಗ್ಗೋದಿಲ್ಲ. ಉದ್ದ ಸರಿಮಾಡುವ ಬಕಲ್ ಇದೆಯಲ್ಲ, ಅದು ಮೆಲ್ಲಮೆಲ್ಲಗೆ ಜಾರಿ ಬೆಳಿಗ್ಗೆ ಸೊಂಟದಲ್ಲಿದ್ದ ಚೀಲ ಸಂಜೆ ತೊಡೆಗೆ ಬಡಿಯೋದು ತುಂಬಾ ಸಾಮಾನ್ಯ. ಪಟ್ಟಿ ತೆಳ್ಳಗಿದ್ದು ಬಕಲಿನ ಸಂದು ದೊಡ್ಡದಿದ್ದರೆ ಹೀಗಾಗುತ್ತೆ. ಅಂಗಡಿಯಲ್ಲೇ ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ ಒಳಗಿಟ್ಟು, ಪಟ್ಟಿ ಹಿಡಿದು ಹತ್ತಿಪ್ಪತ್ತು ಸಲ ಕುಲುಕು. ಜಾರಿದರೆ ವಾಪಸ್ ಕೊಡು. ಅಂಗಡಿಯವನು ದುರುಗುಟ್ಟಿ ನೋಡ್ತಾನೆ, ನೋಡಲಿ.

ಪಟ್ಟಿ ಚೀಲಕ್ಕೆ ಸೇರುವ ಜಾಗದಲ್ಲಿ ಹೊಲಿಗೆ ಚೌಕದೊಳಗೆ ಗುಣಾಕಾರದ ಗುರುತಿನ ಹಾಗೆ ಇರಬೇಕು. ಬರೀ ಒಂದು ಅಡ್ಡ ಗೆರೆ ಎಳೆದಿದ್ದರೆ ಮೊದಲು ಬಿಚ್ಚೋದು ಅದೇ. ಹಾಗೇ ಪಟ್ಟಿಯ ತುದಿಯಲ್ಲಿ ತಿರುಗುವ ಕೊಕ್ಕೆ ಇದ್ದರೆ ಅದನ್ನು ನೋಡು. ಹೊಳೆಯುವ ಎರಕದ ಕೊಕ್ಕೆ ಮುನ್ಸೂಚನೆ ಕೊಡದೆ ಪಟ್ ಅಂತ ಮುರಿಯುತ್ತೆ. ಕೊಕ್ಕೆಯೇ ಇಲ್ಲದೆ ಪಟ್ಟಿಯನ್ನು ನೇರ ಡಿ ರಿಂಗಿಗೆ, ಅಂದರೆ ಇಂಗ್ಲಿಷಿನ D ಆಕಾರದ ಬಳೆಗೆ, ಹೊಲಿದದ್ದು ನೋಡೋಕೆ ಸಪ್ಪೆ, ಬಾಳಿಕೆಗೆ ಅದೇ ವಾಸಿ.

ಜಿಪ್ಪಿಗೆ ನಂಬರ್ ಇರುತ್ತೆ. ಮುಚ್ಚಿದ ಹಲ್ಲುಗಳ ಅಗಲ ಎಷ್ಟು ಮಿಲಿಮೀಟರೋ ಹೆಚ್ಚುಕಡಿಮೆ ಅದೇ ನಂಬರ್. ಮುಖ್ಯ ಬಾಯಿಗೆ 5ನೇ ನಂಬರಿಗಿಂತ ಸಣ್ಣದು ಬೇಡ, ಒಳಜೇಬಿಗೆ 3 ಸಾಕು. ಜಿಪ್ಪು ತಿರುವು ಪಡೆಯುವ ಮೂಲೆ ಕಿರಿದಾಗಿದ್ದಷ್ಟೂ ಅಲ್ಲೇ ಬೇಗ ಕೆಡುತ್ತೆ. ರನ್ನರ್ ಎಳೆದ ಮೇಲೂ ಹಿಂದೆ ಹಲ್ಲು ಬಾಯ್ಬಿಟ್ಟರೆ ಜಿಪ್ಪು ಸತ್ತಿಲ್ಲ, ರನ್ನರ್ ಅಗಲವಾಗಿದೆ ಅಷ್ಟೇ. ಇಕ್ಕಳದಲ್ಲಿ ಅದರ ಎರಡೂ ಪಕ್ಕ ಒಂದೊಂದು ಸಲ, ಮೆಲ್ಲಗೆ ಅಮುಕು. ಜೋರಾಗಿ ಅಮುಕಿದರೆ ಎರಡು ತುಂಡು, ಆಮೇಲೆ ಬ್ಯಾಗ್ ರಿಪೇರಿಯವನೇ ಗತಿ. ಹಂಪಿಯ ಧೂಳಿಗೆ ಹಳೇ ಹಲ್ಲುಜ್ಜುವ ಬ್ರಷ್, ಆಮೇಲೆ ಹಲ್ಲುಗಳ ಮೇಲೆ ಒಂದು ಸಲ ಮೋಂಬತ್ತಿ ಉಜ್ಜು. ಇನ್ನೊಂದು ಮಾತು: ಎದುರುಬದುರು ಬರುವ ಎರಡು ರನ್ನರ್ ಇರುವ ಚೀಲವನ್ನೇ ಹುಡುಕು. ಎರಡರ ತೂತಿಗೂ ಸೇರಿಸಿ ಒಂದು ಕೀ ರಿಂಗ್ ಹಾಕಿದರೆ ಮಂಗನಿಗೂ ಕಷ್ಟ, ಮನುಷ್ಯನಿಗೂ ಕಷ್ಟ. ಮಂಗಗಳ ಮುಂದೆ ಪ್ಲಾಸ್ಟಿಕ್ ಕವರ್ ಸದ್ದು ಮಾಡಬೇಡ, ಬಾಳೆಹಣ್ಣು ಚೀಲದಲ್ಲಿ ಇಡಲೇಬೇಡ. ಅದು ಚೀಲ ಹಿಡಿದೆಳೆದರೆ ನೀನೂ ಎದುರೆಳೆಯುತ್ತಾ ಹಟ ಮಾಡಬೇಡ. ನಿನ್ನ ಹಟ ನನಗೆ ಗೊತ್ತು.

ಬಟ್ಟೆ ವಿಷಯ ಬೇಗ ಮುಗಿಸ್ತೀನಿ. ಚೀಟಿಯಲ್ಲಿ 600ಡಿ ಅಂತ ಬರೆದಿದ್ದರೆ ಆ ನೂಲಿನ 9000 ಮೀಟರ್ ಉದ್ದಕ್ಕೆ 600 ಗ್ರಾಂ ತೂಕ ಅಂತ ಅರ್ಥ. ಪಾಲಿಯೆಸ್ಟರ್ ಆದರೆ 600, ನೈಲಾನ್ ಆದರೆ 420 ಇದ್ದರೂ ನಡೆಯುತ್ತೆ. ಒಳಗೆ ನೀರು ತಡೆಯೋಕೆ ಬಳಿದಿರುವ ಲೇಪ ನಮ್ಮ ಮಳೆಗಾಲದ ತೇವಕ್ಕೆ ಕೆಲವು ವರ್ಷದಲ್ಲಿ ಅಂಟಂಟಾಗಿ ಪುಡಿ ಉದುರುತ್ತೆ. ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆಸೆಯೋದರಿಂದ ಅದು ಇನ್ನೂ ಬೇಗ ಆಗುತ್ತೆ. ಒಳಗೆ ಪೇಪರ್ ತುರುಕಿ ಗಾಳಿಯಾಡುವ ಕಡೆ ತೂಗುಹಾಕು. ಲೈನಿಂಗ್ ತಿಳಿ ಬಣ್ಣದ್ದಿರಲಿ. ಕಪ್ಪು ಲೈನಿಂಗಿನೊಳಗೆ ಕಪ್ಪು ಚಾರ್ಜರ್ ಹುಡುಕೋದು ನಮ್ಮ ಮೂರನೇ ಸೆಮಿಸ್ಟರ್ ಇದ್ದ ಹಾಗೆ.

ಇನ್ನು ಜನಜಂಗುಳಿ. ನೀನು ಹೋಗೋ ಹೊತ್ತಿಗೆ ಬನಶಂಕರಿ ಜಾತ್ರೆ ಬಿದ್ದರೆ ಬಾದಾಮಿಯ ಬಸ್ಸುಗಳಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ನಿಯಮ ಎಲ್ಲರಿಗೂ ಗೊತ್ತಿರೋದೇ: ಫೋನು, ದುಡ್ಡು ಚೀಲದ ಮೈಗೆ ತಾಗುವ ಬದಿಯ ಜೇಬಿನಲ್ಲಿ, ಹೊರಜೇಬಿನಲ್ಲಿ ಟವೆಲು ಮಾತ್ರ, ಗದ್ದಲ ಕಂಡರೆ ಚೀಲ ಮುಂದಕ್ಕೆ. ವರ್ಷಗಟ್ಟಲೆ ಎಲ್ಲರಿಗೂ ಇದನ್ನೇ ಹೇಳಿದ್ದೇನೆ.

ಆದರೆ ನನ್ನ ಕೈ ಚೀಲವನ್ನು ಮುಂದಕ್ಕೆ ಎಳೆಯೋದು ಗದ್ದಲ ನೋಡಿ ಅಲ್ಲ ಮಾರಾಯ. ಇಸ್ತ್ರಿ ಅಂಗಿಯವನು ಮೈಗೆ ಮೈ ತಾಗಿಸಿ ನಿಂತರೂ ಚೀಲ ಇದ್ದಲ್ಲೇ ಇರುತ್ತೆ. ಹವಾಯಿ ಚಪ್ಪಲಿ, ಬಣ್ಣ ಹೋದ ಟೀ ಶರ್ಟಿನ ಹುಡುಗ ಎರಡು ಮಾರು ದೂರ ಇದ್ದರೂ ಅದು ಹೊಟ್ಟೆ ಮೇಲೆ ಬಂದು ಕೂತಿರುತ್ತೆ. ಕಳೆದ ಸಲ ಬಾದಾಮಿಯ ಮೆಟ್ಟಿಲಲ್ಲಿ ಗೈಡ್ ಪುಸ್ತಕ ಮಾರುವ ಹುಡುಗನೊಬ್ಬ ಇದನ್ನು ನೋಡಿಬಿಟ್ಟ. ಏನೂ ಅನ್ನಲಿಲ್ಲ. ಪುಸ್ತಕದ ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ನಾನು ದಾಟುವವರೆಗೆ ಬಂಡೆಗೆ ಒರಗಿ ನಿಂತ. ಹಾಸ್ಟೆಲಿನಲ್ಲಿದ್ದಾಗ ನಾವಿಬ್ಬರೂ ಅಂಥದೇ ಚಪ್ಪಲಿಯಲ್ಲಿ ಸಿಟಿ ಬಸ್ ಹತ್ತಿದ್ದು, ಪಕ್ಕದ ಹೆಂಗಸು ವ್ಯಾನಿಟಿ ಬ್ಯಾಗನ್ನು ಮಗುವಿನ ಹಾಗೆ ಅಪ್ಪಿಕೊಂಡದ್ದು ನೆನಪಿದೆಯಾ? ವಾರವಿಡೀ ಅದನ್ನೇ ಆಡಿ ತೋರಿಸಿ ನಕ್ಕೆವು. ನನಗೆ ಅವತ್ತು ನಗು ಬಂದಿರಲಿಲ್ಲ. ನೀನು ನಕ್ಕೆ ಅಂತ ನಕ್ಕೆ.

ಸರಿ ಬಿಡು, ಚೀಲ ಕೊಳ್ಳೋಕೆ ಅಂತ ಬಂದವರು ಎದ್ದು ಹೋದಾರು. ಇದಕ್ಕೂ ಪಟ್ಟಿಯ ಅಳತೆಯಲ್ಲೇ ಒಂದು ದಾರಿ ಇದೆ. ಪಟ್ಟಿಯನ್ನು ಎದೆಗೆ ಅಡ್ಡವಾಗಿ ಹಾಕಿ, ಚೀಲ ಸೊಂಟದ ಮೂಳೆಯ ಮುಂದೆ, ಒಂದು ಪಕ್ಕಕ್ಕೆ ಕೂರುವಷ್ಟು ಎಳೆದು ಬಿಗಿ ಮಾಡು. ಮೊಣಕಾಲು ಎತ್ತಿ ಮೆಟ್ಟಿಲು ಹತ್ತಿದಾಗ ತಾಗಬಾರದು, ಮೊಣಕೈ ಇಳಿಬಿಟ್ಟರೆ ತಾನಾಗಿ ಅದರ ಮೇಲೆ ಬರಬೇಕು. ಬೆಳಿಗ್ಗೆ ರೂಮಿನಿಂದ ಹೊರಡುವಾಗ ಹೀಗೆ ಹಾಕಿದರೆ ಸಂಜೆ ತನಕ ಹಾಗೇ, ಇಸ್ತ್ರಿಯವನಿಗೂ ಅದೇ, ಹವಾಯಿಯವನಿಗೂ ಅದೇ. ಜಿಪ್ಪಿಗೆ ಕೀ ರಿಂಗ್ ಬಿದ್ದ ಮೇಲೆ ಕೈಗೆ ಅಲ್ಲಿ ಕೆಲಸ ಇಲ್ಲ. ತಾಸಿಗೊಂದು ಸಲ ಹೆಗಲು ಬದಲಿಸು. ಅದಕ್ಕೇ ಒಂದೇ ಹೆಗಲಿಗೆ ಅಂತ ಓರೆಯಾಗಿ ಕತ್ತರಿಸಿದ ಆ ಆರನೇ ಫೋಟೊದ ಚೀಲ ಬೇಡ.

ಬಾದಾಮಿಯ ಮೊದಲ ಗುಹೆಯ ಹೊರಬಂಡೆಯಲ್ಲಿ ಹದಿನೆಂಟು ಕೈಯ ನಟರಾಜ ಇದ್ದಾನೆ, ನಿಧಾನವಾಗಿ ಎಣಿಸು. ಒಂದು ಕೈಯೂ ಜಿಪ್ಪಿನ ಮೇಲಿಲ್ಲ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಕಂಬಗಳ ಮೇಲ್ತುದಿಯ ಶಿಲ್ಪಗಳನ್ನು ಕತ್ತೆತ್ತಿ ನೋಡಬೇಕು. ಪಟ್ಟಿ ಕತ್ತಿಗೆ ಹತ್ತಿರ ಇದ್ದರೆ ಎಳೆಯುತ್ತೆ, ಹೆಗಲಿನ ತುದಿಗೆ ಸರಿಸಿಕೋ.

ಹಾಗಾಗಿ ಐದನೆಯದು. ಬೂದು ಬಣ್ಣದ್ದು ತಗೋ, ಕಪ್ಪು ಬಿಸಿಲಿಗೆ ಕಾಯುತ್ತೆ. ಬಿಲ್ ಇಟ್ಟುಕೋ, ಖಜಾಂಚಿ ಅಲ್ಲವಾ. ಕೊಳ್ಳೋ ಮುಂಚೆ ಬಾಟಲಿ ಒಳಗಿಟ್ಟು ಜಿಪ್ಪು ಹಾಕಿ ನೋಡೋದು, ಪಟ್ಟಿ ಕುಲುಕೋದು ಮರೆಯಬೇಡ. ಮೋಂಬತ್ತಿ ಗಿಡ್ಡದ್ದೇ ತಗೊಂಡು ಹೋಗು, ಉದ್ದದ್ದು ಬೇಡ. ಯಾಕೆ ಅಂತ ಇಲ್ಲಿ ಬರೆಯೋಕಾಗೋದಿಲ್ಲ, ನಿನ್ನ ಹೆಂಡತಿಯೂ ಓದ್ತಾರೆ.

ಇಂತಿ ನಿನ್ನ,
ಉಪ ಖಜಾಂಚಿ